ಹೂವಿನಂಚಿನ ಬಸಿ

ರಸ್ತೆಯಲ್ಲಿ ಯಾರಾದರೂ ಹಾರ್ನ್ ಹೊಡೆದರೆ ಸಾಕು, ಹೈದರ್ ಕೂತಲ್ಲಿಂದ ಎದ್ದುಬಿಡುತ್ತಿದ್ದ. ಇದನ್ನು ಕಾಯಿಲೆ ಎನ್ನಿ, ಅಭ್ಯಾಸ ಎನ್ನಿ, ಏನು ಬೇಕಾದರೂ ಎನ್ನಿ. ಶಾರ್ಜಾದ ಒಂದು ಕೆಫೆಟೇರಿಯಾದಲ್ಲಿ ಇಪ್ಪತ್ತಮೂರು ವರ್ಷ ಬೆಳಗ್ಗಿನ ತಿಂಡಿಯ ಒಲೆ ನೋಡಿಕೊಂಡವನು ಅವನು. ಅಲ್ಲಿಯ ಗಿರಾಕಿಗಳು ಕಾರಿನಿಂದ ಇಳಿಯುವುದೇ ಇಲ್ಲ. ಹೊರಗಿನಿಂದ ಹಾರ್ನ್ ಹೊಡೆಯುತ್ತಾರೆ. ಚಹಾ, ಮೊಟ್ಟೆ ಸುತ್ತಿದ ಪರೋಟ ಅವರ ಕಿಟಕಿಗೇ ಹೋಗಬೇಕು. ಒಂದನೇ ಹಾರ್ನಿಗೆ ಏಳದಿದ್ದರೆ ಎರಡನೆಯದರ ಜೊತೆಗೆ ಯಜಮಾನನ ಬೈಗುಳವೂ ಬರುತ್ತಿತ್ತು. ಆ ಕೆಲಸ ಬಿಟ್ಟು ಬೆಟ್ಟಂಪಾಡಿಯ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಆದರೂ ಪುತ್ತೂರಿನ ಬಸ್ಸು ತಿರುವಿನಲ್ಲಿ ಪೋಂ ಎಂದರೆ ಇವನು ಜಗಲಿಯ ಕುರ್ಚಿಯಿಂದ ಎದ್ದು ನಿಂತು, ಎಲ್ಲಿಗೆ ಹೊರಟೆ ಎಂದು ತನಗೇ ತಿಳಿಯದೆ, ಲುಂಗಿ ಸರಿ ಮಾಡಿಕೊಂಡು ಮತ್ತೆ ಕೂರುತ್ತಿದ್ದ.

“ನಿಮಗೆ ಕೂತರೂ ಸಮ ಇಲ್ಲ, ನಿಂತರೂ ಸಮ ಇಲ್ಲ. ಎಂತ, ಕಾಲಿನಡಿಗೆ ಇರುವೆ ಉಂಟಾ?” ಎಂದು ಹೆಂಡತಿ ಮುನೀರಾ ನಗುತ್ತಿದ್ದಳು.

ನಗುತ್ತಿದ್ದಳೇ ಹೊರತು ಅಡಿಗೆ ಕೋಣೆಗೆ ಮಾತ್ರ ಬಿಡುತ್ತಿರಲಿಲ್ಲ. ಬಂದ ಹೊಸದರಲ್ಲಿ ಒಮ್ಮೆ ಬಿಟ್ಟಿದ್ದಳು. ಮೂರು ಜನರ ತಿಂಡಿಗೆ ಮೂವತ್ತು ಜನರಿಗಾಗುವಷ್ಟು ಈರುಳ್ಳಿ ಕೊಚ್ಚಿ, ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆಯುವ ಕಲ್ಲಿಗೆ ತಂದು ಸುರಿದಿದ್ದ. ಅಂದಿನಿಂದ ಆ ಬಾಗಿಲಿಗೆ ಕಾಣದ ಬೀಗ ಬಿದ್ದಿತ್ತು. ಒಲೆಯೇ ಕಸುಬಾದವನಿಗೆ ಒಲೆಯ ಹತ್ತಿರ ಜಾಗವಿಲ್ಲ ಎಂದರೆ ಅವನು ಕೂರುವುದಾದರೂ ಎಲ್ಲಿ?

ಆ ಬೀಗ ತೆಗೆಯುವ ದಿನವೂ ಬಂತು. ಮುನೀರಾಳ ತಂಗಿ ರಸೀನಾಳ ಮಗಳ ಮದುವೆ, ಪಂಜದಲ್ಲಿ. ಆದಿತ್ಯವಾರ ಸಂಜೆ ಹೋದರೆ ಮುನೀರಾ ಬರುವುದು ಮಂಗಳವಾರ. ಹೈದರನೂ ಹೋಗಬೇಕಾದವನೇ. ಆದರೆ ಎಪ್ಪತ್ತೆಂಟು ವರ್ಷದ ತಾಯಿಯನ್ನು ನೋಡಿಕೊಳ್ಳುವವರು ಯಾರು? ಅವನ ಉಮ್ಮ ಫಾತಿಮತ್ ಝುಹ್ರಾ ಗಟ್ಟಿಗಿತ್ತಿ. ಕಣ್ಣು ಚುರುಕು, ನಾಲಗೆ ಅದಕ್ಕಿಂತ ಚುರುಕು. ಆದರೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಎರಡು ವರ್ಷದಿಂದ ದಿನಾ ಇನ್ಸುಲಿನ್ ಸೂಜಿ.

ಹೊರಡುವ ಮುಂಚೆ ಮುನೀರಾ ಫ್ರಿಡ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದಳು. ಅಷ್ಟು ಸಾಲದೆಂದು ಗಂಡನನ್ನು ಎದುರು ನಿಲ್ಲಿಸಿ ಓದಿಯೂ ಹೇಳಿದಳು.

“ನೋಡಿ, ಏಳೂವರೆಗೆ ಸೂಜಿ. ಸೂಜಿ ಹಾಕಿ ಅರ್ಧ ಗಂಟೆಯೊಳಗೆ ಉಮ್ಮನ ಹೊಟ್ಟೆಗೆ ತಿಂಡಿ ಹೋಗ್ಲೇಬೇಕು. ಹೋಗದಿದ್ರೆ ಶುಗರ್ ಇಳಿದು ಕಣ್ಣು ಕತ್ತಲೆ ಬರುದು, ಆಮೇಲೆ ಎಚ್ಚರ ತಪ್ಪುದು. ಕಳೆದ ವರ್ಷ ಒಮ್ಮೆ ಆಗಿದೆ, ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದು. ಮೊಟ್ಟೆ ಎರಡು, ತರಕಾರಿ ಜಾಸ್ತಿ, ಎಣ್ಣೆ ಒಂದೇ ಚಮಚ, ತುಪ್ಪ ಮುಟ್ಟಬಾರ್ದು. ಮತ್ತೆ, ತಿನ್ನುದನ್ನು ಎದುರು ಕೂತು ನೋಡ್ಬೇಕು. ಕೊಟ್ಟು ಬಂದ್ರೆ ಆಗ್ಲಿಲ್ಲ. ಕೇಳ್ತಾ ಉಂಟಾ?”

“ಎಂತ ಮುನೀರಾ ನೀನು! ದಿನಕ್ಕೆ ನಾನೂರು ಜನಕ್ಕೆ ತಿಂಡಿ ಕೊಟ್ಟವ ನಾನು.”

“ಆ ನಾನೂರು ಜನ ತಿಂದ್ರೂ ಬಿಟ್ರೂ ನಿಮಗೆ ಚಿಂತೆ ಇರ್ಲಿಲ್ಲ. ಇವರು ಒಬ್ಬರು, ತಿನ್ಲೇಬೇಕು.”

ಮಾತು ಚುಚ್ಚಿತು. ಚುಚ್ಚಲಿ, ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಹೈದರನಿಗೆ ಒಳಗೊಳಗೇ ಒಂದು ಆಸೆಯೂ ಇತ್ತು. ಉಮ್ಮ ಅವನ ಕೈಯ ಅಡಿಗೆಯನ್ನು ಇಂದಿನವರೆಗೆ ಸರಿಯಾಗಿ ತಿಂದಿರಲಿಲ್ಲ. ಎರಡು ವರ್ಷಕ್ಕೊಮ್ಮೆ ನಲವತ್ತು ದಿನದ ರಜೆಗೆ ಬರುವ ಮಗನನ್ನು ಒಲೆಯ ಹತ್ತಿರ ಬಿಡುವುದುಂಟೇ? ಬಂದಾಗಲೆಲ್ಲ ಅವನಿಗೆ ಹೂವಿನಂಚಿನ ಬಸಿಯಲ್ಲಿ ಊಟ. ಬಿಳಿ ಪಿಂಗಾಣಿಯ ತಟ್ಟೆ, ಅಂಚಿಗೆ ಸುತ್ತಲೂ ನೀಲಿ ಹೂವು, ಶೋಕೇಸಿನ ಗಾಜಿನ ಹಿಂದೆ ನಿಲ್ಲಿಸಿ ಇಡುವಂಥದ್ದು. ಮಸೀದಿಯ ಉಸ್ತಾದರು ಬಂದರೆ, ಬೀಗರು ಬಂದರೆ, ಹೊಸ ಅಳಿಯ ಬಂದರೆ ಅದು ಕೆಳಗಿಳಿಯುತ್ತಿತ್ತು. ಹೈದರ್ ಬಂದರೂ ಇಳಿಯುತ್ತಿತ್ತು. ಮನೆಯವರಿಗೆಲ್ಲ ಹೆಸರು ಕೆತ್ತಿಸಿದ ಸ್ಟೀಲಿನ ತಟ್ಟೆ. ಮುನೀರಾಳದ್ದರಲ್ಲಿ ಮುನೀರಾ, ಉಮ್ಮನದ್ದರಲ್ಲಿ ಝುಹ್ರಾ. ಹೈದರನಿಗೂ ಒಂದು ಕಾಲದಲ್ಲಿ ಅಂಥದ್ದೊಂದು ಇತ್ತು. ಮೊದಲ ರಜೆಗೆ ಬರುವಷ್ಟರಲ್ಲಿ ಅದು ಎಲ್ಲಿ ಹೋಯಿತೋ, ಅವನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಒಂದು ವರ್ಷ ಅವನು ರಂಝಾನ್ ಹಬ್ಬ ಕಳೆದ ವಾರದಲ್ಲೇ ಬಂದಿಳಿದಿದ್ದ. ಹಬ್ಬದ ನಂತರದ ತಿಂಗಳಲ್ಲಿ ಆರು ನೋಂಬು ಹಿಡಿಯುವುದು ಉಮ್ಮನ ರೂಢಿ. ಅದು ಕಡ್ಡಾಯದ ಉಪವಾಸವಲ್ಲ, ಪುಣ್ಯಕ್ಕೆಂದು ಹಿಡಿಯುವುದು. ಆ ದಿನ ನೋಂಬಿನಲ್ಲಿದ್ದರೂ ಉಮ್ಮ ಅವನೊಟ್ಟಿಗೆ ಕೂತು ಅಕ್ಕಿ ರೊಟ್ಟಿ ಪತ್ತಿರ್ ಮುರಿದು ತಿಂದಿದ್ದರು. “ಮನೆಗೆ ಬಂದ ಅತಿಥಿ ಒಬ್ಬನೇ ತಿನ್ನಬಾರ್ದು ಮೋನೆ. ಇಂಥ ನೋಂಬನ್ನು ಅತಿಥಿಗೋಸ್ಕರ ಬಿಡಬಹುದು. ಇನ್ನೊಂದು ದಿನ ಹಿಡಿದರಾಯ್ತು,” ಎಂದಿದ್ದರು. ಪ್ರೀತಿಯಿಂದಲೇ ಆಡಿದ ಮಾತು. ಆದರೆ ಅತಿಥಿ ಎಂಬುದೊಂದು ಮಾತ್ರ ಹೈದರನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಈಗ ನೋಡಿ, ರಜೆ ಎಂಬುದೇ ಇಲ್ಲ, ಪಾಸ್‌ಪೋರ್ಟು ಕಪಾಟಿನಲ್ಲಿ ಧೂಳು ತಿನ್ನುತ್ತಿದೆ. ಆದರೂ ಉಮ್ಮ ಮೂರು ಹೊತ್ತೂ ಅವನೆದುರು ಆ ಬಸಿಯನ್ನೇ ಇಡುತ್ತಿದ್ದರು. “ಇನ್ನೊಂದು ತುಂಡು ಹಾಕಿಕೋ, ಸಂಕೋಚ ಮಾಡ್ಬೇಡ,” ಎಂಬ ಉಪಚಾರ ಬೇರೆ. ಸ್ವಂತ ಮನೆಯಲ್ಲಿ ಎಂಥ ಸಂಕೋಚ? ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆ. ಐವತ್ತು ದಾಟಿದ ಗಂಡಸು ತಟ್ಟೆಗಾಗಿ ಮುಖ ಊದಿಸಿಕೊಳ್ಳುವುದೇ?

ಇರಲಿ. ಸೋಮವಾರ ಬೆಳಗಾಯಿತು. ಹೈದರ್ ಆರೂವರೆಗೇ ಅಡಿಗೆ ಕೋಣೆಗೆ ಬಂದ. ಕಿಟಕಿಯ ಕಟ್ಟೆಯಲ್ಲಿ ಎರಡು ಖರ್ಜೂರದ ಬೀಜ, ಪಕ್ಕದಲ್ಲಿ ಕವುಚಿ ಹಾಕಿದ ಒದ್ದೆ ಲೋಟ. ಮುನೀರಾ ಇದ್ದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ದಿನಾ ಅಡಿಗೆ ಮಾಡುವವರ ಕಣ್ಣಿಗೆ ಅಡಿಗೆ ಕೋಣೆಯ ಒಂದು ಬೀಜವೂ ಊರಿನ ಸುದ್ದಿ ಹೇಳುತ್ತದೆ. ನಮ್ಮ ಹೈದರ್ ಬೀಜ ಎರಡನ್ನೂ ಎತ್ತಿ ಬುಟ್ಟಿಗೆ ಎಸೆದು, ಲೋಟ ಆಚೆ ಸರಿಸಿ, ಚಾಕು ಹಿಡಿದ.

ಕೈಗೆ ಚಾಕು ಬಂದದ್ದೇ ತಡ, ಹುಡುಗನಾಗಿಬಿಟ್ಟ. ಈರುಳ್ಳಿ, ಕ್ಯಾರೆಟ್, ಅಲಸಂಡೆ ಟಕಟಕನೆ ಸಾಸಿವೆಯಷ್ಟು ಸಣ್ಣಗಾದವು. ಹಿತ್ತಲಿನಿಂದ ಒಂದು ಹಿಡಿ ನುಗ್ಗೆ ಸೊಪ್ಪು ತಂದು ಬಿಡಿಸಿದ. ಹೆಚ್ಚಿದ್ದನ್ನು ಹಾಕಲು ಪಾತ್ರೆ ಹುಡುಕುವಷ್ಟು ತಾಳ್ಮೆ ಅವನಿಗೆಲ್ಲಿದೆ? ಮೂಲೆಯ ಅಕ್ಕಿ ಡಬ್ಬಿಗೆ ಒಂದು ಹಳೆಯ ಸ್ಟೀಲ್ ತಟ್ಟೆ ಕವುಚಿ ಮುಚ್ಚಿತ್ತು; ಅದರ ಬೆನ್ನನ್ನೇ ಒರೆಸಿ ಅಲ್ಲಿಯೇ ರಾಶಿ ಹಾಕಿದ. ಈ ಸಲ ರಾಶಿ ಮೂವತ್ತು ಜನರದ್ದಾಗದಂತೆ ಎರಡೆರಡು ಸಲ ನೋಡಿಕೊಂಡ.

ಏಳೂ ಇಪ್ಪತ್ತೈದಕ್ಕೆ ಉಮ್ಮನ ಬೆರಳು ಚುಚ್ಚಿ ಸಣ್ಣ ಮೆಷಿನಿನಲ್ಲಿ ನೋಡಿದರೆ ನೂರ ಹನ್ನೆರಡು. ಏಳೂವರೆಗೆ ತೋಳಿಗೆ ಸೂಜಿ. ಉಮ್ಮ ತಕರಾರಿಲ್ಲದೆ ತೋಳು ಕೊಟ್ಟರು. ಬೇರೆ ದಿನ ಸೂಜಿ ಕಂಡರೆ ಕಂಪೆನಿಯವನಿಂದ ಹಿಡಿದು ಡಾಕ್ಟರ ತನಕ ಎಲ್ಲರನ್ನೂ ಬೈಯುವವರು ಅಂದು ಬಿಸ್ಮಿಲ್ಲಾ ಹೇಳಿ ಸುಮ್ಮನಾದರು. ಅದಾದರೂ ಇವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಇವನ ತಲೆಯೆಲ್ಲ ಬಾಣಲೆಯಲ್ಲಿತ್ತು.

ಒಂದು ಚಮಚ ಎಣ್ಣೆ, ಸಾಸಿವೆ, ಕರಿಬೇವು. ಈರುಳ್ಳಿ ಬಾಡಿತು. ಕ್ಯಾರೆಟ್, ಅಲಸಂಡೆ ಹಾಕಿ, ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿದ. ಎರಡು ನಿಮಿಷಕ್ಕೆ ಮುಚ್ಚಳ ತೆಗೆದು ಸೊಪ್ಪು ಉದುರಿಸಿದ. ಒಂದೊಂದು ಕೈಗೆ ಒಂದೊಂದು ಮೊಟ್ಟೆ ತೆಗೆದುಕೊಂಡು ಬಾಣಲೆಯ ಅಂಚಿಗೆ ಟಕ್ ಎನ್ನಿಸಿದರೆ ಎರಡೂ ಒಟ್ಟಿಗೇ ಒಡೆದು ಇಳಿದವು, ಚೂರು ಚಿಪ್ಪು ಬೀಳಲಿಲ್ಲ. ತನ್ನ ಪಾಲಿಗೂ ಹಾಗೆಯೇ ಇನ್ನೆರಡು. ಕಾಳುಮೆಣಸಿನ ಪುಡಿ ಹಾಕಿ ಸಟ್ಟುಗದಲ್ಲಿ ಮೆಲ್ಲಗೆ ಮಗುಚಿ, ಇನ್ನೂ ಮೆತ್ತಗಿರುವಾಗಲೇ ಒಲೆ ಆರಿಸಿದ. ಶಾರ್ಜಾದ ನಾನೂರು ಜನರಿಗೆ ಮಾಡುವಾಗ ಒಮ್ಮೆಯೂ ಎದೆ ಹೊಡೆದುಕೊಂಡಿರಲಿಲ್ಲ. ಈಗ ಹೊಡೆದುಕೊಳ್ಳುತ್ತಿತ್ತು.

ಝುಹ್ರಾ ಎಂದು ಕೆತ್ತಿದ ತಟ್ಟೆಯಲ್ಲಿ ಮೊಟ್ಟೆ ಪಲ್ಯ, ಒಂದು ಚಪಾತಿ ಇಟ್ಟು ಉಮ್ಮನ ಕೋಣೆಗೆ ಒಯ್ದ. ಉಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ತಸ್ಬೀಹ್ ಮಣಿ ಎಣಿಸುತ್ತ ಕೂತಿದ್ದರು.

“ಎಂತ ಪರಿಮಳ ಮೋನೆ!” ಎಂದರು. “ಬಿಸಿ ಉಂಟು. ಅಲ್ಲಿಡು, ತಣಿಯಲಿ.”

“ಇಲ್ಲ ಉಮ್ಮ, ನಾನು ಇಲ್ಲಿ ಕೂತುಕೊಳ್ತೇನೆ. ನೀವು ತಿನ್ನಿ.”

ಕೂತ ಕೂಡ. ಅಷ್ಟರಲ್ಲಿ ರಸ್ತೆಯಲ್ಲಿ ಮೀನಿನವನ ಸ್ಕೂಟರು ಪೇಂ ಪೇಂ ಎಂದು ಹಾರ್ನ್ ಹೊಡೆಯಿತು. ಹಾಳು ಕಾಲು, ಎದ್ದೇಬಿಟ್ಟಿತು. ಎದ್ದವನನ್ನು ನೋಡಿ ಉಮ್ಮ, “ಎದ್ದದ್ದು ಎದ್ದೆ, ಒಂದು ಚಾ ಮಾಡು,” ಎಂದರು. ಎದ್ದ ಮೇಲೆ ಕೂರುವುದು ಹೇಗೆ? ಹೈದರ್ ಚಹಾಕ್ಕೆ ಹೋದ.

ಐದೇ ನಿಮಿಷ. ಚಹಾ ಹಿಡಿದು ಬಂದರೆ ತಟ್ಟೆ ಖಾಲಿ! ಒಂದು ಚೂರು ಕ್ಯಾರೆಟ್ ಕೂಡ ಉಳಿದಿರಲಿಲ್ಲ. ಹೈದರನ ಮುಖ ಇಷ್ಟಗಲವಾಯ್ತು.

“ಆಯ್ತಾ ಉಮ್ಮ? ಹೇಗಿತ್ತು?”

“ಪರಿಮಳವೇ ಹೇಳ್ತದಲ್ಲ,” ಎಂದು ಉಮ್ಮ ಕಿಟಕಿಯ ಕಡೆ ತಿರುಗಿ ಮಣಿ ಎಣಿಸತೊಡಗಿದರು. ಚಹಾವನ್ನು ಮುಟ್ಟಲಿಲ್ಲ. “ಆರಲಿ,” ಎಂದರು.

ಅಡಿಗೆ ಕೋಣೆಗೆ ಬಂದು ತನ್ನ ಪಾಲಿನ ಪಲ್ಯಕ್ಕೂ ಕೈಹಾಕದೆ ಹೈದರ್ ಮೊದಲು ಮಾಡಿದ್ದು ಹೆಂಡತಿಗೆ ಫೋನು. “ಮುನೀರಾ, ತಟ್ಟೆ ತೊಳೆದಿಟ್ಟ ಹಾಗೆ ಖಾಲಿ! ಕೇಳ್ತಾ?”

ಆ ಕಡೆ ಮದುವೆ ಮನೆಯ ಗದ್ದಲ. ಮುನೀರಾ ಗದ್ದಲದಿಂದ ಆಚೆ ಬಂದಳು. “ಪೂರ್ತಿ ಖಾಲಿಯಾ? ಉಮ್ಮ ಯಾವತ್ತೂ ಕೊನೇ ತುತ್ತು ಬಿಡ್ತಾರೆ ಮಾರಾಯ್ರೆ. ನೀವು ಎದುರು ಕೂತಿದ್ರಾ?”

ಹೈದರ್ ಉತ್ತರ ಹೇಳುವ ಮೊದಲೇ ಹಿತ್ತಲಲ್ಲಿ ಕೋಳಿಗಳ ಗಲಾಟೆ ಕೇಳಿತು. ಫೋನು ಕಿವಿಗಿಟ್ಟುಕೊಂಡೇ ಹೊರಗೆ ಬಂದ. ಉಮ್ಮನ ಕಿಟಕಿಯ ಕೆಳಗೆ ನಾಲ್ಕು ಹೇಂಟೆ, ಒಂದು ಹುಂಜ, ತಳ್ಳಾಡಿಕೊಂಡು ಹೆಕ್ಕುತ್ತಿದ್ದವು. ಹಳದಿ ಹಳದಿ ಚೂರು, ನಡುವೆ ಕ್ಯಾರೆಟ್, ನುಗ್ಗೆ ಸೊಪ್ಪು. ಹುಂಜದ ಕೊಕ್ಕಿನಲ್ಲಿ ಚಪಾತಿಯ ತುಂಡು. ಮೊಟ್ಟೆಯ ರುಚಿ ಕಂಡ ಕೋಳಿ ಗೂಡಿನಲ್ಲಿಟ್ಟ ಮೊಟ್ಟೆಯನ್ನೇ ಕುಕ್ಕಿ ತಿನ್ನುತ್ತದೆ, ಒಂದು ಚೂರೂ ಹೊರಗೆ ಬಿಸಾಡಬೇಡಿ ಎಂದು ಮನೆಯವರಿಗೆಲ್ಲ ಸಾವಿರ ಸಲ ಹೇಳಿದವರು ಇದೇ ಉಮ್ಮ!

ಹೈದರ್ ಫೋನು ಕಿವಿಯಿಂದ ತೆಗೆದು ಹೊತ್ತು ನೋಡಿದ. ಗಂಟೆ ಎಂಟೂ ಐದು. ಸೂಜಿ ಹಾಕಿ ಮೂವತ್ತೈದು ನಿಮಿಷ. ಫೋನಿನಲ್ಲಿ ಮುನೀರಾ ಎಂತಾಯ್ತು, ಎಂತಾಯ್ತು ಎಂದು ಕೇಳುತ್ತಲೇ ಇದ್ದಳು.

ಒಳಗೆ ಓಡಿದ. “ಉಮ್ಮ! ಎಂತ ಮಾಡಿದ್ದು ನೀವು? ತಿಂಡಿ ಕೋಳಿಗೆ ಹಾಕಿದ್ದಾ?”

ಸಿಕ್ಕಿಬಿದ್ದರೂ ಉಮ್ಮ ತಲೆ ತಗ್ಗಿಸಲಿಲ್ಲ. “ಬೊಬ್ಬೆ ಹಾಕ್ಬೇಡ. ನನಗೆ ಇವತ್ತು ನೋಂಬು.”

“ನೋಂಬಾ?”

“ಹೌದು. ಬೆಳಗ್ಗಿನ ಬಾಂಗಿಗೆ ಮುಂಚೆ ಎರಡು ಖರ್ಜೂರ ತಿಂದು ನೀರು ಕುಡಿದಿದ್ದೇನೆ. ಈ ರಂಝಾನಿನಲ್ಲಿ ಒಂದು ನೋಂಬೂ ಹಿಡಿಯಲು ಬಿಡ್ಲಿಲ್ಲ ನೀವು. ಡಾಕ್ಟ್ರು ಬೇಡ ಅಂದ್ರು, ನೀನು ನೋಂಬಿನ ಬದಲಿಗೆ ನನ್ನ ಹೆಸರಲ್ಲಿ ಬಡವರಿಗೆ ಅಕ್ಕಿ ಕೊಟ್ಟೆ, ಅಲ್ಲಿಗೆ ಮುಗೀತು. ನನ್ನನ್ನು ಒಂದು ಮಾತು ಕೇಳಿದ್ರಾ? ಹತ್ತನೇ ವರ್ಷದಿಂದ ಹಿಡಿದವಳು ನಾನು. ಮೂವತ್ತು ಹೋಯ್ತು, ಆರಾದ್ರೂ ಹಿಡಿಯುವಾ ಅಂತ ಇದ್ದೆ. ಮುನೀರಾ ಇದ್ರೆ ಗೊತ್ತಾಗ್ತದೆ. ನಿನ್ನ ಕಣ್ಣು ತಪ್ಪಿಸ್ಲಿಕ್ಕೆ ಎಂತ ಕಷ್ಟ?”

“ಮತ್ತೆ ಸೂಜಿ ಯಾಕೆ ಹಾಕಿಸಿಕೊಂಡ್ರಿ?”

“ಸೂಜಿಯಿಂದ ನೋಂಬು ಮುರಿಯುದಿಲ್ಲ. ಉಸ್ತಾದರು ಮೈಕಿನಲ್ಲಿ ಹೇಳಿದ್ದಾರೆ, ನನ್ನ ಕಿವಿಯಲ್ಲೇ ಕೇಳಿದ್ದು.”

“ಅಯ್ಯೋ ಉಮ್ಮ! ನೋಂಬು ಮುರಿಯುದಿಲ್ಲ ಅಂತ ಹೇಳಿದ್ದು. ಸೂಜಿ ಹಾಕಿ ಹಸಿದುಕೊಂಡು ಇರಿ ಅಂತ ಹೇಳಿದ್ದಾ?”

ಉಸ್ತಾದರು ಹೇಳಿದ್ದೂ ಸರಿಯೇ, ಉಮ್ಮ ಕೇಳಿಸಿಕೊಂಡದ್ದೂ ಸರಿಯೇ. ಸೂಜಿಯ ಔಷಧಿ ಹೊಟ್ಟೆಯಲ್ಲಿ ಅನ್ನ ಕೇಳುತ್ತದೆ ಎಂಬುದು ಮಾತ್ರ ಇಬ್ಬರ ನಡುವೆ ಎಲ್ಲಿಯೋ ಬಿದ್ದುಹೋಗಿತ್ತು. ನೋಂಬಿಗೆ ತೊಂದರೆಯಿಲ್ಲ ಎಂದಮೇಲೆ ಜೀವಕ್ಕೂ ತೊಂದರೆಯಿಲ್ಲ ಎಂದುಕೊಂಡಿದ್ದರು ಉಮ್ಮ.

ಮತ್ತೆ ಬೆರಳು ಚುಚ್ಚಿದ. ಅದಕ್ಕೂ ಉಮ್ಮ ಅಡ್ಡಿ ಹೇಳಲಿಲ್ಲ. ಅರವತ್ತೆರಡು. ಉಮ್ಮನ ಕೈ ತಣ್ಣಗೆ, ಮೇಲ್ದುಟಿಯ ಮೇಲೆ ಬೆವರು.

“ಸಕ್ಕರೆ ಕೊಡಿ! ಬಾಯಿಗೆ ಹಾಕಿ ಮೊದಲು, ಮಾತು ಆಮೇಲೆ!” ಎಂದು ಮುನೀರಾ ಫೋನಿನಲ್ಲೇ ಕಿರುಚಿದಳು. ಹೈದರ್ ಸಕ್ಕರೆ ನೀರು ತಂದ. ಉಮ್ಮ ತುಟಿ ಬಿಗಿದುಕೊಂಡು ಮುಖ ತಿರುಗಿಸಿದರು. ಚಮಚ ಹಿಡಿದರೆ ಕೈಯಿಂದ ತಳ್ಳಿದರು. ನೀರು ಹಾಸಿಗೆಗೆ ಚೆಲ್ಲಿತು.

“ಜೀವಕ್ಕೆ ಅಪಾಯ ಇದ್ರೆ ನೋಂಬು ಬಿಡ್ಬೇಕು ಅಂತಲೇ ಉಂಟು ಉಮ್ಮ.”

“ಮದ್ರಸದ ಹಿಂದಿನ ಗೇರು ಮರ ಹತ್ತಿ ಕೂತವ ನನಗೆ ಕಿತಾಬು ಹೇಳುದಾ? ನನಗೆ ಎಂತ ಆಗ್ಲಿಲ್ಲ. ಸಂಜೆ ಬಾಂಗ್ ಆಗದೆ ಒಂದು ಹನಿ ಇಳಿಯುದಿಲ್ಲ.”

ಮುನೀರಾಳ ಫೋನು ಕಟ್ ಮಾಡಿ ಉಸ್ತಾದರಿಗೇ ಫೋನು ಮಾಡಿದ. ಸ್ವಿಚ್ ಆಫ್. ಬೆಳಗ್ಗೆ ಮಕ್ಕಳಿಗೆ ಪಾಠ ಹೇಳುವ ಹೊತ್ತಿನಲ್ಲಿ ಅವರ ಫೋನು ಯಾವತ್ತೂ ಹಾಗೆಯೇ. ಮದ್ರಸಕ್ಕೆ ಓಡಿ ಕರೆತರುವಷ್ಟು ಹೊತ್ತು ಉಮ್ಮನನ್ನು ಒಬ್ಬರೇ ಬಿಡುವುದು ಹೇಗೆ? ಪಾಗಾರದ ಗೋಡೆಯ ಹತ್ತಿರ ಹೋಗಿ ನೆರೆಮನೆಯ ಪ್ರೇಮನಾಥನನ್ನು ಕೂಗಿದ. ಅವನಲ್ಲಿ ಕಾರು ಇತ್ತು.

“ಹೈದರಾಕ, ಎಂತ ಆಯ್ತು?”

“ಉಮ್ಮನಿಗೆ ಶುಗರ್ ಇಳೀತಾ ಉಂಟು ಮಾರಾಯ. ಪುತ್ತೂರಿಗೆ ಹೋಗ್ಲಿಕ್ಕೆ ಉಂಟು. ಬೇಗ ಕಾರು ತಾ!”

ಒಳಗೆ ಬಂದು ನೋಡಿದರೆ ಉಮ್ಮನ ಕೈಯಿಂದ ತಸ್ಬೀಹ್ ಜಾರಿ ಮಡಿಲಿಗೆ ಬಿದ್ದಿತ್ತು. ಎತ್ತಿಕೊಳ್ಳಲು ನೋಡುತ್ತಿದ್ದರು, ಬೆರಳು ನಡುಗಿ ಮಣಿ ಸಿಗುತ್ತಿರಲಿಲ್ಲ. ಆಸ್ಪತ್ರೆಗೆ ದಾರಿ ಅರ್ಧ ಗಂಟೆ. ಬಾಯಿ ತೆರೆಯದೆ ಅರ್ಧ ಗಂಟೆ ಇವರು ತಡೆಯುತ್ತಾರೆಯೇ? ಬಲವಂತವಾಗಿ ದವಡೆ ಬಿಡಿಸಿ ಸುರಿಯಬೇಕೇ? ಹೆತ್ತವಳ ಬಾಯಿಗೆ ಕೈಹಾಕಿ? ಇಪ್ಪತ್ತಮೂರು ವರ್ಷ ಬಿಟ್ಟುಹೋದವನು ಬಂದು ನಾಲ್ಕೇ ತಿಂಗಳಲ್ಲಿ ತನ್ನ ಕೈಯಾರೆ ಚುಚ್ಚಿದ ಸೂಜಿಯಿಂದ ಉಮ್ಮನನ್ನು ಕಳೆದುಕೊಂಡ ಎಂದು ಊರು ಆಡಿಕೊಳ್ಳುವುದು ಹಾಗಿರಲಿ, ತಾನು ತನ್ನ ಮುಖವನ್ನು ಕನ್ನಡಿಯಲ್ಲಿ ನೋಡುವುದು ಹೇಗೆ?

ಹೊರಗೆ ಪ್ರೇಮನಾಥ ಕಾರು ತಂದು ನಿಲ್ಲಿಸಿ ಹಾರ್ನ್ ಹೊಡೆದ. ಒಂದು ಸಲ, ಎರಡು ಸಲ. ಹೈದರನ ಕಾಲು ಅಲ್ಲಾಡಲಿಲ್ಲ. ಅವನ ಕಣ್ಣು ಬಾಗಿಲಾಚೆಯ ಶೋಕೇಸಿನ ಗಾಜಿನ ಮೇಲಿತ್ತು.

ಒಂದೇ ಹೆಜ್ಜೆಗೆ ಹೋಗಿ ಹೂವಿನಂಚಿನ ಬಸಿ ತೆಗೆದ. ಅಡಿಗೆ ಕೋಣೆಗೆ ಓಡಿ ಬಾಣಲೆಯಲ್ಲಿದ್ದ ತನ್ನ ಪಾಲಿನ ಮೊಟ್ಟೆ ಪಲ್ಯವನ್ನು ಅದಕ್ಕೆ ಸುರಿದು ಚಪಾತಿ ಇಟ್ಟ. ಡಬ್ಬಿಯಿಂದ ನಾಲ್ಕು ಖರ್ಜೂರ, ಒಂದು ಲೋಟ ಚಹಾಕ್ಕೆ ಮೂರು ಚಮಚ ಸಕ್ಕರೆ. ಉಮ್ಮನ ಮಂಚದ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಸಿಯನ್ನು ಮುಂದಿಟ್ಟುಕೊಂಡ.

“ಉಮ್ಮ, ಈ ಮನೆಗೆ ಒಬ್ಬ ಅತಿಥಿ ಬಂದಿದ್ದಾನೆ.”

“ಯಾರು?” ಉಮ್ಮನ ಮಾತು ತೊದಲಿತು.

“ನಾನೇ. ಬೇರೆ ಯಾರು? ನೀವೇ ಮಾಡಿದ ಅತಿಥಿ. ಇಪ್ಪತ್ತಮೂರು ವರ್ಷ ಈ ಬಸಿಯಲ್ಲಿ ಕೊಟ್ರಿ. ಪೆಟ್ಟಿಗೆ ಕಟ್ಟಿಕೊಂಡು ವಾಪಸ್ ಬಂದ ಮೇಲೂ ಇದರಲ್ಲೇ ಕೊಡ್ತೀರಿ. ಮುನೀರಾಗೆ ಹೆಸರಿದ್ದ ತಟ್ಟೆ ಉಂಟು, ನಿಮಗೆ ಉಂಟು, ನನಗೆ ಇಲ್ಲ. ನಾನು ಈ ಮನೆಯವ ಅಲ್ಲ ಅಂತ ದಿನಕ್ಕೆ ಮೂರು ಸಲ ಗೊತ್ತಾಗ್ತದೆ ನನಗೆ. ಗಂಟಲಲ್ಲಿ ಇಳಿಯುದಿಲ್ಲ ಉಮ್ಮ, ಆದ್ರೂ ತಿಂತೇನೆ.” ಅವನ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲೂ ಇಲ್ಲ. “ಇರ್ಲಿ, ಅತಿಥಿ ಅಂತಲೇ ಇಟ್ಟುಕೊಳ್ಳಿ. ಅತಿಥಿ ಒಬ್ಬನೇ ತಿನ್ನಬಾರ್ದು ಅಂತ ಹೇಳಿದ್ದು ನೀವು. ಅತಿಥಿಗೋಸ್ಕರ ಈ ಆರು ನೋಂಬು ಬಿಡಬಹುದು ಅಂತ ಹೇಳಿದ್ದೂ ನೀವು. ಬೆಳಗ್ಗಿಂದ ನಾನು ಒಂದು ಹನಿ ಚಾ ಕುಡಿಲಿಲ್ಲ. ನೀವು ತಿನ್ನದೆ ಈ ಅತಿಥಿ ತಿನ್ನುದಿಲ್ಲ. ಹಸಿದ ಅತಿಥಿಯನ್ನು ಹಾಗೇ ಎಬ್ಬಿಸುದಾದ್ರೆ ಎಬ್ಬಿಸಿ.”

ಉಮ್ಮ ನೋಡಿದರು. ಬಸಿಯನ್ನು ನೋಡಿದರು, ಮಗನ ಮುಖ ನೋಡಿದರು, ಮತ್ತೆ ಬಸಿಯ ಸುತ್ತ ನೀಲಿ ಹೂವುಗಳನ್ನು ಈಗಷ್ಟೇ ಕಂಡವರ ಹಾಗೆ ನೋಡಿದರು. ನಡುಗುವ ಕೈ ಮುಂದೆ ಬಂತು. ಖರ್ಜೂರ ಕೈಯಲ್ಲಿ ನಿಲ್ಲಲಿಲ್ಲ. ಹೈದರ್ ಎತ್ತಿ ಬಾಯಿಗಿಟ್ಟ.

“ಬಿಸ್ಮಿಲ್ಲಾ,” ಎಂದರು ಉಮ್ಮ, ಬಾಯಿ ತೆರೆದರು.

ಒಂದು ಖರ್ಜೂರ, ಇನ್ನೊಂದು, ಆಮೇಲೆ ಸಿಹಿ ಚಹಾ, ಗುಟುಕು ಗುಟುಕಾಗಿ. ಒಳಗೆ ಬಂದ ಪ್ರೇಮನಾಥ ಬಾಗಿಲಲ್ಲೇ ನಿಂತ. ಹತ್ತು ನಿಮಿಷ ಕಳೆದು ಬೆರಳು ಚುಚ್ಚಿದರೆ ಎಪ್ಪತ್ತೊಂಬತ್ತು. ಮತ್ತೂ ಹತ್ತು ನಿಮಿಷಕ್ಕೆ ತೊಂಬತ್ತೇಳು. ಮತ್ತೆ ಫೋನು ಮಾಡಿದ ಮುನೀರಾ ಅಳುತ್ತ ಗಂಡನನ್ನೂ ಅತ್ತೆಯನ್ನೂ ಒಟ್ಟಿಗೆ ಬೈದಳು, ಬೈದು ಸಮಾಧಾನವಾದ ಮೇಲೆ ಡಾಕ್ಟರಿಗೆ ಫೋನು ಮಾಡಿ ಕೇಳಲು ಹೇಳಿದಳು. ಡಾಕ್ಟರು ಹೊಟ್ಟೆ ತುಂಬ ತಿನ್ನಿಸಿ, ಗಂಟೆಗೊಮ್ಮೆ ನೋಡಿ, ಮತ್ತೆ ಇಳಿದರೆ ಕೂಡಲೇ ಕರೆತನ್ನಿ ಎಂದರು. ಪ್ರೇಮನಾಥ, “ಕಾರು ಇಲ್ಲೇ ಇರ್ತದೆ ಹೈದರಾಕ, ಕೀ ಹಿಡ್ಕೊಳ್ಳಿ,” ಎಂದು ಕೀ ಕೊಟ್ಟು ನಡೆದುಕೊಂಡೇ ಮನೆಗೆ ಹೋದ.

ಹೈದರ್ ಪಲ್ಯವನ್ನು ಚಪಾತಿಯಲ್ಲಿ ಸುತ್ತಿ ಉಮ್ಮನಿಗೆ ಒಂದು ತುತ್ತು ಕೊಟ್ಟ, ತಾನೊಂದು ತುತ್ತು ತಿಂದ. ಈ ಸಲ ಎದುರೇ ಕೂತಿದ್ದ. ಉಮ್ಮ ಅಗಿದರು, ಯೋಚಿಸಿದರು, ಇನ್ನೊಂದಕ್ಕೆ ಬಾಯಿ ತೆರೆದರು.

“ಉಪ್ಪು ಕಡಿಮೆ,” ಎಂದರು.

ಮೈಗಿಂತ ಮೊದಲು ಸುಧಾರಿಸಿದ್ದು ನಾಲಗೆ. ಹೈದರ್ ಅಳುತ್ತಲೇ ನಕ್ಕುಬಿಟ್ಟ.

ತಿಂದು ಮುಗಿಸಿ ದಿಂಬಿಗೆ ಒರಗಿದ ಉಮ್ಮ ಬಹಳ ಹೊತ್ತು ಕಣ್ಣುಮುಚ್ಚಿದ್ದರು. ಹೈದರ್ ಉಸಿರು ನೋಡುತ್ತ ಕೂತಿದ್ದ. ಕೊನೆಗೆ ಕಣ್ಣು ತೆರೆಯದೆಯೇ ಉಮ್ಮ, “ಅಕ್ಕಿ ಡಬ್ಬಿಯ ಮುಚ್ಚಳ ತಾ,” ಎಂದರು.

“ಅದು ಯಾಕೆ ಈಗ?”

“ತಾ ಅಂದ್ರೆ ತಾ. ಎದ್ರೆ ನೂರು ಕಡೆ ಓಡುವವ, ಹೇಳಿದಲ್ಲಿಗೆ ಮಾತ್ರ ಹೋಗ್ಲಿಕ್ಕೆ ಇಲ್ಲ.”

ತಂದ. ಬೆನ್ನಿನ ಮೇಲೆ ಇನ್ನೂ ಎರಡು ಚೂರು ಕ್ಯಾರೆಟ್ ಅಂಟಿಕೊಂಡಿದ್ದ ಹಳೆಯ ಸ್ಟೀಲ್ ತಟ್ಟೆ.

“ತಿರುಗಿಸು.”

ತಿರುಗಿಸಿದ. ಒಳಮೈಯಲ್ಲಿ, ಅಂಚಿಗೆ ತಾಗಿ, ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರ: ಹೈದರ್. ಅಕ್ಕಿಯ ಬಿಳಿ ಹುಡಿ ಚುಕ್ಕಿಗಳೊಳಗೆ ಕೂತಿತ್ತು.

“ನೀನು ಮೊದಲ ಸಲ ವಿಮಾನ ಹತ್ತಿದ ಮೇಲೆ ಈ ತಟ್ಟೆ ಕಪಾಟಿನಲ್ಲಿ ಖಾಲಿ ಇರುದನ್ನು ನೋಡ್ಲಿಕ್ಕೆ ಆಗ್ಲಿಲ್ಲ ನನಗೆ,” ಎಂದರು ಉಮ್ಮ. “ನಿನ್ನ ಮೊದಲ ಸಂಬಳದ ಅಕ್ಕಿ ಬಂದ ದಿನ ಡಬ್ಬಿಗೆ ಮುಚ್ಚಿದೆ, ಹೆಸರು ಅಕ್ಕಿಯ ಕಡೆಗೆ ಮಾಡಿ. ಈ ಮನೆಯಲ್ಲಿ ಬೆಂದ ಒಂದೊಂದು ಅಗುಳೂ ನಿನ್ನ ಹೆಸರಿನಡಿಯಿಂದ ಎದ್ದು ಬಂದದ್ದು. ಅತಿಥಿಯಂತೆ, ಅತಿಥಿ! ಬಾಯಿಗೆ ಬಂದ ಹಾಗೆ ಹೇಳ್ತಾನೆ.”

“ಮತ್ತೆ ಆ ಬಸಿ?”

“ಅಲ್ಲಿ ಎಂಥದರಲ್ಲಿ ತಿಂತಿಯೋ, ಎಲ್ಲಿ ಕೂತು ತಿಂತಿಯೋ ಅಂತ, ಇಲ್ಲಿರುವ ನಲವತ್ತು ದಿನವಾದ್ರೂ ಒಳ್ಳೆಯದರಲ್ಲಿ ತಿನ್ಲಿ ಅಂತ ತೆಗೆದದ್ದು. ಆಮೇಲೆ ಕೈಗೆ ಅಭ್ಯಾಸ ಆಯ್ತು. ಹಾರ್ನ್ ಕೇಳಿದ್ರೆ ನಿನ್ನ ಕಾಲು ಏಳುದಿಲ್ವಾ? ಹಾಗೆ ನಿನ್ನನ್ನು ಕಂಡ್ರೆ ನನ್ನ ಕೈ ಅಲ್ಲಿಗೆ ಹೋಗುದು.” ಉಮ್ಮನ ಕಣ್ಣಿನಿಂದ ಎರಡು ಹನಿ ಇಳಿದು ಕಿವಿಯ ಹತ್ತಿರ ಹೋದವು. “ಮೊದಲೇ ಹೇಳ್ಲಿಕ್ಕೆ ನಿನಗೆ ಬಾಯಿ ಇರ್ಲಿಲ್ವಾ?”

“ನಿಮಗಿತ್ತಾ ಉಮ್ಮ? ನೋಂಬು ಹಿಡಿತೇನೆ ಅಂತ ಹೇಳ್ಲಿಕ್ಕೆ?”

ಉಮ್ಮ ಮಗನ ಕೈಯಲ್ಲಿದ್ದ ತಟ್ಟೆಯನ್ನು ಬೆರಳಿಂದ ಒಮ್ಮೆ ಸವರಿ, ಆ ಕಡೆ ತಳ್ಳಿದರು.

“ಸರಿಯಾಗಿ ತಿಕ್ಕಿ ತೊಳೆ. ಮಧ್ಯಾಹ್ನ ಇದರಲ್ಲೇ ತಿನ್ನು.”

ಹೈದರ್ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಎದ್ದ. ಅಂಗಿಯೆಲ್ಲ ಅಕ್ಕಿ ಹುಡಿಯಾಯಿತು. ಬಾಗಿಲ ತನಕ ಹೋದವನು ತಿರುಗಿ ನಿಂತ.

“ಡಬ್ಬಿಗೆ ಎಂತ ಮುಚ್ಚುದು ಉಮ್ಮ? ಇಲಿ ಬರ್ತದೆ.”

“ಆ ಹೂವಿನ ಬಸಿ ಉಂಟಲ್ಲ,” ಎಂದರು ಉಮ್ಮ. “ಅದನ್ನು ಮುಚ್ಚು. ಇನ್ನು ಅದಕ್ಕೆ ಬೇರೆ ಎಂತ ಕೆಲಸ ಉಂಟು?”